ಎಲೆಕ್ಟ್ರಿಕ್ ಕಾರಿನ ಸರ್ವಿಸ್ ಬಿಲ್ಲು ಮತ್ತು ಕೊಡಗಿನ ಮಳೆ

ಎಲೆಕ್ಟ್ರಿಕ್ ಕಾರಿಗೆ ಸರ್ವಿಸ್ ಖರ್ಚೇ ಇಲ್ಲ ಸರ್ ಅಂತ ಕಾರು ಮಾರುವಾಗ ಹೇಳುತ್ತಾರೆ. ಫ್ರೀ ಸರ್ವಿಸ್ ಮುಗಿದ ಮೇಲೆ ಅದೇ ಕಟ್ಟಡದ ಹಿಂಭಾಗದಲ್ಲಿ 9,200 ರೂಪಾಯಿಯ ಎಸ್ಟಿಮೇಟ್ ಕೈಗಿಡುತ್ತಾರೆ. ನಾನು ಕೊನೆಗೆ ಕಟ್ಟಿದ್ದು ತೆರಿಗೆ ಸೇರಿ 3,400. ಜಗಳ ಆಡಿಲ್ಲ, ಡಿಸ್ಕೌಂಟ್ ಕೇಳಿಲ್ಲ. ಬೇಡದ ಕೆಲಸ ಬೇಡ ಅಂದೆ, ಅಷ್ಟೇ.

ನಮ್ಮದು ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಕಾರು ದಿನಾ ಮಡಿಕೇರಿ, ಇಲ್ಲವೇ ವಿರಾಜಪೇಟೆ ಕಡೆ ಓಡುತ್ತದೆ. ಇದರ ಹೈವೋಲ್ಟೇಜ್ ಕೆಲಸ ಗೊತ್ತಿರುವ ವರ್ಕ್‌ಶಾಪ್ ಇರುವುದು ಮೈಸೂರಿನಲ್ಲಿ. ಹೋಗಿ ಬರುವುದಕ್ಕೆ ಒಂದು ಇಡೀ ದಿನ ಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ಆ ಒಂದು ದಿನ ಹಾಳಾದರೆ ಬಿಲ್ಲಿಗಿಂತ ಜಾಸ್ತಿ ನಷ್ಟ. ಅದಕ್ಕೇ ಈಗ ನಾನು ಹೋಗುವುದು ವರ್ಷಕ್ಕೊಮ್ಮೆ, ಮಳೆ ನಿಂತು ಕೊಯ್ಲು ಶುರುವಾಗುವ ಮೊದಲು. ಹೇಗೂ ನಮ್ಮ ಕಡೆ ಕಾರಿಗೆ ಆಗುವ ಡ್ಯಾಮೇಜೆಲ್ಲ ಮಳೆಗಾಲದಲ್ಲೇ ಆಗುವುದು.

ಈ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಉಳಿಯುವುದು ಎಸಿ ಫಿಲ್ಟರ್, ಬ್ರೇಕ್ ಆಯಿಲ್, ಬ್ಯಾಟರಿ-ಮೋಟರ್ ತಣ್ಣಗಿಡುವ ಕೂಲಂಟ್, ಗೇರ್ ಆಯಿಲ್, ಟೈರು, ವೈಪರ್, ಸಸ್ಪೆನ್ಷನ್, ಮತ್ತೆ ಲೈಟು, ಹಾರ್ನಿಗೆಲ್ಲ ಕರೆಂಟು ಕೊಡುವ ಚಿಕ್ಕ 12 ವೋಲ್ಟ್ ಬ್ಯಾಟರಿ. ಇವುಗಳಲ್ಲಿ ಯಾವುದನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದ ಒಂದು ಪುಟದಲ್ಲಿ ಟೇಬಲ್ ಇರುತ್ತದೆ. ಆ ಪುಟದ ಫೋಟೋ ನನ್ನ ಮೊಬೈಲಿನಲ್ಲಿದೆ. ಸರ್ವಿಸ್ ಅಡ್ವೈಸರ್ ಜೊತೆ ನನ್ನ ಮಾತೆಲ್ಲ ಆ ಫೋಟೋ ಮುಂದಿಟ್ಟುಕೊಂಡೇ.

ಆ 9,200ರ ಕಾಗದದಲ್ಲಿ ಏನೇನಿತ್ತು ಅಂದರೆ: ಜನರಲ್ ಚೆಕಪ್, ಅಲೈನ್‌ಮೆಂಟ್, ಎಸಿ ಡಿಸ್‌ಇನ್ಫೆಕ್ಷನ್, ಒಳಗಿನ ಪಾಲಿಶ್, ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಹೊಡೆಯುವ ಅಂಡರ್‌ಬಾಡಿ ಕೋಟಿಂಗ್, ಮುಂದಿನ ಬ್ರೇಕ್ ಪ್ಯಾಡ್, ಯಾವುದಕ್ಕೆ ಅಂತ ಗೊತ್ತಾಗದ ಕನ್ಸ್ಯೂಮಬಲ್ಸ್. ಎಲ್ಲದಕ್ಕಿಂತ ಕೆಳಗೆ ಥ್ರಾಟಲ್ ಬಾಡಿ ಕ್ಲೀನಿಂಗ್! ಪೆಟ್ರೋಲ್ ಎಂಜಿನ್ನಿಗೆ ಗಾಳಿ ಬಿಡುವ ಭಾಗ ಅದು. ಈ ಕಾರಿನಲ್ಲಿ ಅದು ಎಲ್ಲಿದೆ ತೋರಿಸಿ ಅಂದೆ. ಅಡ್ವೈಸರ್ ಹುಡುಗ ನಕ್ಕುಬಿಟ್ಟ. "ಪ್ಯಾಕೇಜ್ ಸೆಲೆಕ್ಟ್ ಮಾಡಿದ್ರೆ ಸಿಸ್ಟಮ್ಮಲ್ಲಿ ಹಾಗೇ ಬರುತ್ತೆ ಸರ್" ಅಂದ. ಅವನ ತಪ್ಪಲ್ಲ ಬಿಡಿ, ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಆದರೆ ಆ ಟಾರ್ಗೆಟ್ ನಾನ್ಯಾಕೆ ತುಂಬಬೇಕು?

ಆಮೇಲೆ ಒಂದೊಂದೇ ಸಾಲು ಹಿಡಿದು ಕೂತೆವು. ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಕೇಳಿದೆ. ಅಳೆದು ನೋಡಿದರೆ ಹೊಸ ಪ್ಯಾಡಿಗೂ ನನ್ನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇರುವುದೂ ಇಲ್ಲ. ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ ಮೋಟರೇ ಕಾರನ್ನು ಹಿಡಿದು ನಿಧಾನ ಮಾಡುತ್ತದೆ, ಆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇದಕ್ಕೇ ರೀಜೆನ್ ಅನ್ನುವುದು. ಪ್ಯಾಡ್ ಸವೆಯುವುದು ಎಲ್ಲಿಂದ?

ನಮ್ಮ ಕಡೆ ತೊಂದರೆ ಬರುವುದು ಬೇರೆ ಕಡೆಯಿಂದ. ಬ್ರೇಕ್ ಬಳಕೆ ಕಮ್ಮಿ, ಮಳೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಸ್ಕ್ ಒಣಗುವುದೇ ಇಲ್ಲ. ತುಕ್ಕು ಹಿಡಿಯುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಬಿಗಿಯಾಗುತ್ತದೆ, ಆಮೇಲೆ ಪ್ಯಾಡ್ ಒಂದೇ ಬದಿ ಸವೆಯುತ್ತದೆ. ಹಾಗಾಗಿ ಪ್ಯಾಡ್ ಬೇಡ, ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಕ್ಲೀನ್ ಮಾಡಿ ಪಿನ್‌ಗಳಿಗೆ ಗ್ರೀಸ್ ಹಾಕಿ ಅಂದೆ. ಅದಕ್ಕೆ ಕೊಟ್ಟ ಲೇಬರ್ ಚಾರ್ಜಿಗೆ ನನಗೆ ಒಂಚೂರೂ ಬೇಜಾರಿಲ್ಲ. ನಾನೇ ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಸಮತಟ್ಟು ರಸ್ತೆ ಸಿಕ್ಕಿದಾಗ, ಹಿಂದೆ ಗಾಡಿ ಇಲ್ಲದಿದ್ದರೆ, ರೀಜೆನ್ ಕಮ್ಮಿ ಮಾಡಿ ಬ್ರೇಕನ್ನೇ ಗಟ್ಟಿಯಾಗಿ ಒತ್ತುತ್ತೇನೆ. ತುಕ್ಕು ಉಜ್ಜಿ ಹೋಗುತ್ತದೆ. ಮೊದಲ ಒಂದೆರಡು ಸಲ ಗರಗರ ಸದ್ದು ಬರುತ್ತದೆ, ಆಮೇಲೆ ಇಲ್ಲ.

ಬ್ರೇಕ್ ಆಯಿಲ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಅದು ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಏನು ಗತಿ? ನನ್ನ ಪುಸ್ತಕದಲ್ಲಿ 2 ವರ್ಷಕ್ಕೊಮ್ಮೆ ಅಂತ ಇದೆ, ಅದನ್ನು ಮುಂದೂಡುವುದಿಲ್ಲ. ಇದೇ ಘಾಟಿಯ ಇನ್ನೊಂದು ವಿಷಯ: ಮಡಿಕೇರಿಯಿಂದ 100% ಚಾರ್ಜ್ ಮಾಡಿಕೊಂಡು ಇಳಿದರೆ ರೀಜೆನ್ ಸರಿಯಾಗಿ ಹಿಡಿಯುವುದಿಲ್ಲ. ತುಂಬಿದ ಬ್ಯಾಟರಿಗೆ ಇನ್ನೂ ಕರೆಂಟು ಹೋಗಬೇಕಲ್ವಾ, ಜಾಗ ಎಲ್ಲಿದೆ? ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಸುಳ್ಯ, ಮಂಗಳೂರು ಕಡೆ ಹೋಗುವ ದಿನ ನಾನು 80-85% ಹತ್ತಿರ ನಿಲ್ಲಿಸುತ್ತೇನೆ.

ಅಂಡರ್‌ಬಾಡಿ ಕೋಟಿಂಗ್ ಬೇಡ ಅಂದಿದ್ದಕ್ಕೆ ಅಡ್ವೈಸರಿಗೆ ಆಶ್ಚರ್ಯ. ಕೊಡಗಿನವರು ಎಲ್ಲರೂ ಮಾಡಿಸುತ್ತಾರೆ ಸರ್ ಅಂದ. ಡೀಸೆಲ್ ಜೀಪಿಗೆ ನಾನೂ ಮಾಡಿಸಿದ್ದೆ. ಇಲ್ಲಿ ಕಾರಿನ ಕೆಳಗೆ ಪೂರ್ತಿ ಬ್ಯಾಟರಿ ಪೆಟ್ಟಿಗೆ. ಅದಕ್ಕೆ ಉಸಿರಾಡುವ ವಾಲ್ವ್ ಇರುತ್ತದೆ, ಕಿತ್ತಳೆ ಬಣ್ಣದ ಹೈವೋಲ್ಟೇಜ್ ವೈರ್ ಇರುತ್ತದೆ. ಅದರ ಮೇಲೆ ಡಾಂಬರಿನಂಥ ವಸ್ತು ಸುಮ್ನೆ ಎರಚುವುದು ನನಗೆ ಸರಿ ಕಾಣಲಿಲ್ಲ. ಅದರ ಬದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ ಆ ಪೆಟ್ಟಿಗೆಯ ತಳ ತೋರಿಸಿ ಅಂದೆ. ತೋಟದ ರಸ್ತೆಯ ಕಲ್ಲು ಎಲ್ಲಿಯಾದರೂ ತಾಗಿದೆಯಾ ಅಂತ ಮೂಲೆ ಮೂಲೆ ನೋಡಿ ಫೋಟೋ ತೆಗೆದುಕೊಂಡೆ. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಮುಂದೊಂದು ದಿನ "ಕೆಳಗೆ ಪೆಟ್ಟು ಬಿದ್ದಿದೆ" ಅಂತ ಯಾರಾದರೂ ವಾದ ತೆಗೆದರೆ ತಾರೀಖಿರುವ ಫೋಟೋ ನನ್ನ ಹತ್ತಿರ ಇರಲಿ. ಬ್ಯಾಟರಿ ಹೆಲ್ತ್ ಎಷ್ಟು ಪರ್ಸೆಂಟ್ ಅನ್ನುವ ರಿಪೋರ್ಟೂ ಪ್ರತಿ ಸರ್ವಿಸ್‌ನಲ್ಲಿ ಕೇಳಿ ತೆಗೆದುಕೊಳ್ಳುತ್ತೇನೆ. ಕೇಳದಿದ್ದರೆ ಕೊಡುವುದಿಲ್ಲ.

ನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ಯಾಟರಿ ಪೆಟ್ಟಿಗೆಗೆ ನೀರು, ಧೂಳು ಒಳಗೆ ಹೋಗದ ಐಪಿ67 ರೇಟಿಂಗ್ ಇದೆ. ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟು ನೋಡುವ ಟೆಸ್ಟ್. ಅದು ನಿಂತ ನೀರಿನ ಲೆಕ್ಕ. ಜುಲೈಯಲ್ಲಿ ಕಾವೇರಿ ಉಕ್ಕಿ ಭಾಗಮಂಡಲದ ರಸ್ತೆ ಮೇಲೆ ಬರುತ್ತಾಳಲ್ಲ, ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಸುತ್ತಿ ಹೋಗಿ.

ಎಸಿ ಫಿಲ್ಟರ್ ನಾನೇ ಹಾಕುತ್ತೇನೆ. ಡ್ಯಾಶ್‌ಬೋರ್ಡಿನ ಡಬ್ಬ ಬಿಚ್ಚಿದರೆ ಹಿಂದೆಯೇ ಇದೆ. ಆಗಸ್ಟಿನಲ್ಲಿ ಒಮ್ಮೆ ಎಳೆದು ನೋಡಿ, ಬೂಸ್ಟು ಹಿಡಿದು ಹಸಿರಾಗಿರುತ್ತದೆ. ಇದಕ್ಕೆ ಔಷಧಿ ಹೊಡೆದು ಏನು ಪ್ರಯೋಜನ? ಹೊಸ ಫಿಲ್ಟರಿಗೆ ಕೆಲವು ನೂರು ರೂಪಾಯಿ. ಅದೇ ಹೊತ್ತಿಗೆ ಬಾನೆಟ್ ಎತ್ತಿ ವೈಪರ್ ಕೆಳಗಿನ ಸಂದಿಗೆ ಕೈ ಹಾಕಿ. ಸಿಲ್ವರ್ ಓಕ್ ಎಲೆ ಮುದ್ದೆಯಾಗಿ ನೀರು ಹೋಗುವ ತೂತು ಮುಚ್ಚಿರುತ್ತದೆ. ಇಲಿ ಕಡಿತವನ್ನೂ ಆಗಲೇ ನೋಡಿಬಿಡಿ. ಕಿತ್ತಳೆ ವೈರ್ ಮಾತ್ರ ಮುಟ್ಟಬೇಡಿ, ಅದು ವರ್ಕ್‌ಶಾಪಿನವರ ಕೆಲಸ.

ಹೊರಗೆ ಕೆಲಸ ಮಾಡಿಸಿದರೆ ವಾರಂಟಿ ಹೋಗುತ್ತದೆ ಅಂತ ಹೆದರಿಸುವುದುಂಟು. ಸ್ವತಂತ್ರ ಗ್ಯಾರೇಜಿಗೆ ಹೋದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಮಾಡುವ ಷರತ್ತಿನ ವಿರುದ್ಧ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತದ ಸ್ಪರ್ಧಾ ಆಯೋಗ 2014ರಲ್ಲೇ ಆದೇಶ ಕೊಟ್ಟಿದೆ. ಆದರೂ ಬ್ಯಾಟರಿ, ಮೋಟರ್, ಕೂಲಂಟ್ ಹತ್ತಿರ ಹೊರಗಿನವರನ್ನು ನಾನು ಬಿಡುವುದಿಲ್ಲ. ಟೈರು, ಅಲೈನ್‌ಮೆಂಟ್, ವೈಪರ್, 12 ವೋಲ್ಟ್ ಬ್ಯಾಟರಿ ಕುಶಾಲನಗರದಲ್ಲೇ ಆಗುತ್ತವೆ. ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ.

ಕೀ ಕೊಡುವ ಮೊದಲು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ "ಕೇಳದೆ ಬೇರೆ ಕೆಲಸ ಮಾಡಬಾರದು" ಅಂತ ಬರೆಸಿ, ಫೋಟೋ ತೆಗೆದುಕೊಳ್ಳುತ್ತೇನೆ. ಹಾಗೆ ಬರೆಸಿದ್ದರೂ ಒಮ್ಮೆ ಪಾಲಿಶ್ ಮಾಡಿ ಬಿಲ್ಲಿಗೆ ಸೇರಿಸಿದ್ದರು. ಫೋಟೋ ಹಾಕಿ ಕಂಪನಿಗೆ ಒಂದು ಮೇಲ್ ಕಳಿಸಿದೆ, ದುಡ್ಡು ವಾಪಸ್ ಬಂತು. ಅಲ್ಲೂ ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ.

ವರ್ಷದ ಮೆಂಟೆನೆನ್ಸ್ ಪ್ಯಾಕೇಜ್ ತಗೊಳ್ಳಿ ಅಂತ ಈಗಲೂ ಫೋನ್ ಬರುತ್ತದೆ. ಅದರಲ್ಲಿ ಟೈರ್ ಸೇರಿದೆಯಾ ಅಂತ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಕಾರು ಭಾರ, ಎಳೆತ ಜೋರು, ನಮ್ಮ ರಸ್ತೆ ಬರೀ ತಿರುವು. ನನ್ನ ಖರ್ಚಿನಲ್ಲಿ ದೊಡ್ಡ ಪಾಲು ಟೈರಿನದ್ದೇ. ಪ್ಯಾಕೇಜಿನ ದುಡ್ಡನ್ನು ಅದಕ್ಕೇ ಎತ್ತಿಟ್ಟಿದ್ದೇನೆ.