ಏರ್ ರೈಫಲ್‌ಗೆ ಒಗ್ಗುವ ಪೆಲ್ಲೆಟ್ ಆರಿಸುವುದು ಹೇಗೆ?

ಹತ್ತು ಮೀಟರ್ ಏರ್ ರೈಫಲ್ ಗುರಿಹಾಳೆಯಲ್ಲಿ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಅದಕ್ಕೂ ಈಗ ದಶಾಂಶದ ಲೆಕ್ಕವಿದೆ. ನಟ್ಟನಡುವೆ ಬಿದ್ದರೆ 10.9, ಕಾಲು ಮಿ.ಮೀ. ಸರಿದಂತೆಲ್ಲ ಒಂದೊಂದು ದಶಾಂಶ ಕಳೆಯುತ್ತದೆ. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಂಕ ಸಮವಾಗಿ ಮತ್ತೊಂದು ಈಡು ಹೊಡೆಯಬೇಕಾಗಿ ಬಂದಾಗ ಅಭಿನವ್ ಬಿಂದ್ರಾ 10.0, ಎದುರಾಳಿ 10.5. ಬಿಂದ್ರಾ ನಾಲ್ಕನೆಯವರಾದರು. ಅರ್ಧ ಅಂಕವೆಂದರೆ ಹಾಳೆಯ ಮೇಲೆ ಒಂದೂಕಾಲು ಮಿ.ಮೀ. ನಳಿಕೆಗೆ ಒಗ್ಗದ ಪೆಲ್ಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ಹಾಕಿದರೆ, ಕೈ ಎಷ್ಟೇ ನಿಂತಿದ್ದರೂ ಅಷ್ಟು ಆಚೀಚೆ ಆಗಿಯೇ ಆಗುತ್ತದೆ.

ಬೇರೆ ಬಂದೂಕಿಗೆ ಮದ್ದು, ಗುಂಡು ಸೇರಿಸಿ ತೋಟಾ ತುಂಬುವುದಕ್ಕೆ ನಮ್ಮಲ್ಲಿ ಪರವಾನಗಿ ಬೇಕು. ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲ್‌ನಲ್ಲಿ ಆ ಕೆಲಸವೇ ಇಲ್ಲ, ಇರುವುದು ಆಯ್ಕೆ ಮಾತ್ರ. ಆ ಆಯ್ಕೆಯನ್ನು ಹೆಚ್ಚಿನವರು ಡಬ್ಬಿಯ ಬೆಲೆ ನೋಡಿ ಮಾಡುತ್ತಾರೆ. ನೋಡಬೇಕಾದ್ದು ಡಬ್ಬಿಯ ಮೇಲಿನ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತಿನ ಸಂಖ್ಯೆ. ಒಂದೇ ಕಂಪನಿಯ, ಒಂದೇ ಹೆಸರಿನ ಪೆಲ್ಲೆಟ್ ಆದರೂ ಅಚ್ಚು ಸವೆದಂತೆ, ಬದಲಾದಂತೆ ಲಾಟಿನಿಂದ ಲಾಟಿಗೆ ಗುಣ ಬೇರೆಯಾಗುತ್ತದೆ. ನಿಮ್ಮ ನಳಿಕೆಗೆ ಯಾವುದು ಹಿಡಿಸುತ್ತದೆ ಎಂಬುದನ್ನು ಹೊಡೆದೇ ನೋಡಬೇಕು.

4.5 ಮಿ.ಮೀ. ಬೋರಿನ, ಚಪ್ಪಟೆ ತಲೆಯ, ಸುಮಾರು 0.53 ಗ್ರಾಂ ತೂಕದ ಮ್ಯಾಚ್ ಪೆಲ್ಲೆಟ್‌ನಲ್ಲಿ ಮೂರು ಲಾಟ್ ತನ್ನಿ. ತಲೆಯ ಅಳತೆ 4.49, 4.50, 4.51 ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮೂರರಲ್ಲೂ ಒಂದೊಂದು ಇರಲಿ. ತಲೆ ಸಣ್ಣದಾದರೆ ಗಾಳಿ ಸೋರಿ ವೇಗ ಏರುಪೇರಾಗುತ್ತದೆ. ದಪ್ಪವಾದರೆ ಒತ್ತಿ ಕೂರಿಸುವಾಗಲೇ ಪೆಲ್ಲೆಟ್‌ನ ಹಿಂಬದಿಯ ತೆಳು ಅಂಚು (ಸ್ಕರ್ಟ್) ಸೊಟ್ಟಗಾಗುತ್ತದೆ.

ಜಾಗ ಯಾವುದು? ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಕಾಫಿ ಮೂಟೆ ಸಾಗಿದ ಮೇಲಿನ ಖಾಲಿ ಗೋದಾಮಿಗಿಂತ ಒಳ್ಳೆಯದು ಸಿಗದು. ಹತ್ತು ಮೀಟರ್ ಎಂದರೆ 33 ಅಡಿಗೆ ಎರಡು ಇಂಚು ಕಡಿಮೆ. ಕಣದಲ್ಲಿ ಹೊಡೆಯಬೇಡಿ, ಗಾಳಿ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಗುರಿಯ ಹಿಂದೆ 3 ಮಿ.ಮೀ. ದಪ್ಪದ ಉಕ್ಕಿನ ತಗಡನ್ನು, ಸೀಸ ಕೆಳಗಿನ ಪೆಟ್ಟಿಗೆಗೆ ಬೀಳುವ ಹಾಗೆ, ಮುಂದಕ್ಕೆ ಬಾಗಿಸಿ ನಿಲ್ಲಿಸಿ. ಅದರ ಹಿಂದೆ ಗೋಡೆಯಿರಲಿ, ಬಾಗಿಲಲ್ಲ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಒತ್ತಿದ ಗಾಳಿಯ ಸಿಲಿಂಡರ್ ಇರುವ ರೈಫಲ್ ಆದರೆ ಗಟ್ಟಿ ಮೇಜಿಗೆ ವೈಸ್ (ಕಚ್ಚಿ ಹಿಡಿಯುವ ಇಕ್ಕುಳ) ಬಿಗಿದು, ಅದರ ಬಾಯಿಗೆ ರಬ್ಬರ್ ಸುತ್ತಿ ಸ್ಟಾಕ್, ಅಂದರೆ ರೈಫಲ್‌ನ ಹಿಡಿ, ಹಿಡಿಸಿ. ನಳಿಕೆಯನ್ನು ಕಚ್ಚಿಸಬೇಡಿ, ಬಾಗೀತು. ಸ್ಪ್ರಿಂಗ್ ಗನ್ನನ್ನು ಮಾತ್ರ ವೈಸಿಗೆ ಹಾಕಲೇಬಾರದು. ಅದರ ಪಿಸ್ಟನ್ ಓಡುವಾಗ ಗನ್ನು ಹಿಂದೆ ಮುಂದೆ ಜಿಗಿಯುತ್ತದೆ, ಹಿಡಿತ ಬದಲಾದರೆ ಈಡು ಬೀಳುವ ಜಾಗವೂ ಬದಲು. ಅಂಥದನ್ನು ಮರಳು ಚೀಲದ ಮೇಲೆ, ಅಂಗೈಯಲ್ಲಿ ಸಡಿಲವಾಗಿ ಹೊತ್ತು ಹೊಡೆಯಬೇಕು. ಆಗ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲು ಗುರಿಹಾಳೆಯ ಮೇಲೆ ಸರಿದಾಡದಂತೆಯೂ ನೋಡಿಕೊಳ್ಳಿ.

ಪೆಲ್ಲೆಟ್ ಬದಲಿಸಿದ ಪ್ರತಿ ಸಲವೂ ಮೊದಲ 15 ಈಡು ಲೆಕ್ಕಕ್ಕಿಲ್ಲ. ನಳಿಕೆಯೊಳಗಿನ ಹಳೆಯ ಸೀಸ, ಎಣ್ಣೆಯ ಪದರ ಹೊಸದಕ್ಕೆ ಹೊಂದಿಕೊಳ್ಳಲಿ. ಆಮೇಲೆ ಹತ್ತತ್ತು ಈಡಿನ ಗ್ರೂಪ್‌ಗಳು, ಅಂದರೆ ಒಂದೇ ಗುರಿಗೆ ಹೊಡೆದ ಈಡುಗಳ ಗುಂಪು. ಮೂರು ಲಾಟಿಗೆ ಅ, ಬ, ಕ ಎಂದು ಹೆಸರಿಟ್ಟು, ಬೆಳಿಗ್ಗೆ ಅದೇ ಕ್ರಮದಲ್ಲಿ ಮೂರು ಮೂರು, ಮಧ್ಯಾಹ್ನ ಕ, ಬ, ಅ ಎಂದು ತಿರುಗಿಸಿ ಎರಡೆರಡು. ತಂಪಿನಲ್ಲಿ ಹೊಡೆದದ್ದು ಚೆನ್ನ, ಬಿಸಿಲೇರಿದ ಮೇಲಿನದು ಕಳಪೆ ಎಂಬ ಮೋಸ ಹೀಗೆ ತಪ್ಪುತ್ತದೆ. ಐದೇ ಈಡಿನ ಗ್ರೂಪ್ ನೋಡಿ ಹಿಗ್ಗಬೇಡಿ, ಅದು ಅದೃಷ್ಟದಿಂದಲೂ ಬರುತ್ತದೆ.

ಅಳೆಯುವಾಗ ಒಂದು ತಪ್ಪು ಮಾಮೂಲಿ. ತೂತಿನ ಹೊರಅಂಚಿನಿಂದ ಹೊರಅಂಚಿಗೆ ಕ್ಯಾಲಿಪರ್ ಹಿಡಿದು ಕಣ್ಣುಮುಚ್ಚಿ 4.5 ಕಳೆಯುತ್ತಾರೆ. ಕಾಗದ ಹಿಗ್ಗಿ ಮತ್ತೆ ಕುಗ್ಗುವುದರಿಂದ ತೂತು ಪೆಲ್ಲೆಟ್‌ಗಿಂತ ಕಿರಿದಾಗಿರುತ್ತದೆ. ಅದೇ ಹಾಳೆಯ ಮೂಲೆಗೆ ಒಂಟಿ ಈಡು ಹೊಡೆದು, ಆ ತೂತನ್ನು ಅಳೆದು, ಅದನ್ನು ಕಳೆಯಿರಿ. ಉಳಿದದ್ದು 1 ಮಿ.ಮೀ. ಆದರೆ ಗ್ರೂಪ್ ನಡುವಿನಲ್ಲಿ ಕೂತಾಗ ಪ್ರತಿ ಈಡೂ 10.8ರ ಆಸುಪಾಸು. ಎರಡೂವರೆ ಮಿ.ಮೀ. ಆದರೆ ಅಂಚಿನವು 10.5ಕ್ಕೆ ಇಳಿಯುತ್ತವೆ. ಸರಾಸರಿಯಲ್ಲಿ 0.2 ಮಿ.ಮೀ. ವ್ಯತ್ಯಾಸವಿದ್ದರೆ ಅದು ವ್ಯತ್ಯಾಸವೇ ಅಲ್ಲ. ಯಾವ ಲಾಟಿನ ಅತಿ ಕೆಟ್ಟ ಗ್ರೂಪ್ ಚಿಕ್ಕದಿದೆಯೋ ಅದನ್ನೇ ಆರಿಸಿ.

ಗ್ರೂಪ್ ಮೇಲೆ ಕೆಳಗೆ ಉದ್ದುದ್ದವಾಗಿ ಬಂದರೆ ಶಂಕೆ ವೇಗದ ಮೇಲೆ. ಸೆಕೆಂಡಿಗೆ 170 ಮೀಟರ್‌ನಲ್ಲಿ ಹೊರಟ ಪೆಲ್ಲೆಟ್ ಗುರಿ ಮುಟ್ಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ವೇಗ 5 ಮೀಟರ್ ತಪ್ಪಿದರೆ ಈಡು ಒಂದು ಮಿ.ಮೀ. ತಪ್ಪುತ್ತದೆ, ಅಂದರೆ ನಾಲ್ಕು ದಶಾಂಶ. ವೇಗ ಅಳೆಯುವ ಕ್ರೋನೋಗ್ರಾಫ್ ಎರವಲು ಸಿಕ್ಕರೆ ಹತ್ತು ಈಡು ನೋಡಿ. ಮೂರು ಲಾಟಿನಲ್ಲೂ ವೇಗ ಕುಣಿದರೆ ದೋಷ ಪೆಲ್ಲೆಟ್‌ನದ್ದಲ್ಲ, ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರಿನದು ಅಥವಾ ಗಾಳಿ ಸೋರದಂತೆ ತಡೆಯುವ ಸೀಲಿನದು. ಅಡ್ಡಕ್ಕೂ ಚದುರಿದರೆ ಸ್ಟಾಕಿನ ಸ್ಕ್ರೂ ಸಡಿಲವಾಗಿದೆಯೇ ಎಂದು ಮೊದಲು ನೋಡಿ. ಆಮೇಲೆ ನಳಿಕೆಯ ಹಿಂಬದಿಯಿಂದ ಫೆಲ್ಟ್ ಪೆಲ್ಲೆಟ್ (ಒತ್ತಿದ ಉಣ್ಣೆಯ ಗುಳಿಗೆ) ತೂರಿಸಿ ಸ್ವಚ್ಛಗೊಳಿಸಿ. ಸ್ಪ್ರಿಂಗ್ ಗನ್ನಿನಲ್ಲಿ ಫೆಲ್ಟನ್ನು ಹಾರಿಸಬೇಡಿ. ತಡೆಯಿಲ್ಲದೆ ಪಿಸ್ಟನ್ ಬಡಿದುಕೊಳ್ಳುತ್ತದೆ.

ತೂಕ ಹಾಕಿ ವಿಂಗಡಿಸುವ ಹುಚ್ಚು ಕೆಲವರಿಗಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸ. 5 ಮಿಲಿಗ್ರಾಂ ವ್ಯತ್ಯಾಸದಿಂದ ಈಡು ಸರಿಯುವುದು 0.2 ಮಿ.ಮೀ.ನಷ್ಟೇ. 10 ಮಿಲಿಗ್ರಾಂ ಮೆಟ್ಟಿಲಿನ ಚಿನ್ನದ ತಕ್ಕಡಿಗೆ ಅದು ಕಾಣಿಸುವುದೂ ಇಲ್ಲ. ಅದರ ಬದಲು ಪೆಲ್ಲೆಟನ್ನು ಬೆಳಕಿಗೆ ಹಿಡಿದು ಸ್ಕರ್ಟಿನ ಅಂಚು ನೋಡಿ. ತಗ್ಗು ಬಿದ್ದದ್ದು, ಒಳಗೆ ಸೀಸದ ಚೂರು ಅಂಟಿದ್ದು ಇದ್ದರೆ ತೆಗೆದಿಡಿ.

ಗೆದ್ದ ಲಾಟಿನ ಡಬ್ಬಿಗಳನ್ನು ಒಟ್ಟಿಗೇ ಕೊಳ್ಳಿ. ಸ್ಪರ್ಧೆಗೆ 60 ಈಡು, ಮೊದಲಿನ ಪರೀಕ್ಷಾ ಈಡು ಸೇರಿದರೆ 500ರ ಡಬ್ಬಿ ಐದಾರು ಸ್ಪರ್ಧೆಗೆ ಸಾಕು. ದಿನದ ಅಭ್ಯಾಸಕ್ಕೆ ಅಗ್ಗದ್ದನ್ನೇ ಬಳಸಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಾಫಿ ಲೋಟ ಹಿಡಿಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಪೆಲ್ಲೆಟ್ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪುಡಿ ಕೂರುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಹೊರಗೆ ಲಾಟ್ ನಂಬರನ್ನೂ ಗ್ರೂಪಿನ ಅಳತೆಯನ್ನೂ ಬರೆದು ಅಂಟಿಸಿ.