ದೋಣಿ ತಂದದ್ದೇ ಊಟ: ಮೈಸೂರು, ಮಂಡ್ಯದವರಿಗೆ ಮಲ್ಪೆಯ ದಾರಿ

ಮೈಸೂರು, ಮಂಡ್ಯ ಸೀಮೆಯವರಿಗೆ ಮೀನೇನೂ ಹೊಸದಲ್ಲ. ಬಲಮುರಿಯಲ್ಲಿ ಕಾವೇರಿಯ ದಂಡೆಯ ಮೇಲೆ ನಿಂತು ಬಾಣಲೆಯಿಂದ ಇಳಿದ ಮೀನನ್ನು ಕೈ ಸುಟ್ಟುಕೊಂಡೇ ತಿಂದವರು, ಕೆರೆ ಕೋಡಿ ಬಿದ್ದಾಗ ಸಿಕ್ಕ ಮೀನಿಗೆ ಹುಣಸೆಹುಳಿ ಹಿಂಡಿ ಸಾರು ಮಾಡಿ ಮುದ್ದೆಯ ಜೊತೆ ಉಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಮಗೆ ಗೊತ್ತಿರುವುದು ಕಟ್ಲಾ, ರೋಹು, ಜಿಲೇಬಿ, ಕೊರವ ಮುಂತಾದ ಸಿಹಿನೀರಿನ ಮೀನುಗಳಾದ್ದರಿಂದ, ಕಡಲತೀರಕ್ಕೆ ಹೋದಾಗ ನಾವು ಹೋಟೆಲಿನ ಪಟ್ಟಿಯಲ್ಲಿ ಕೇಳಿ ತಿಳಿದ ಎರಡೇ ಹೆಸರುಗಳನ್ನು, ಅಂದರೆ ಅಂಜಲ್ ಅಥವಾ ಪಾಂಫ್ರೆಟ್ ಎಂಬುದನ್ನು, ಹೇಳಿ ಸುಮ್ಮನಾಗುತ್ತೇವೆ. ದುಬಾರಿಯಾದ ಆ ಎರಡು ಮೀನುಗಳು ಅಂದು ಬಂದರಿಗೆ ಬಂದಿರಲೂಬಹುದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ವಾರದಿಂದ ಮಲಗಿರಲೂಬಹುದು. ಮೀನುಗಾರರ ಊರಿನಲ್ಲಿ ಚೆನ್ನಾಗಿ ಉಣ್ಣಬೇಕೆಂದರೆ ಮನಸ್ಸಿನಲ್ಲಿ ಮೀನನ್ನು ಗೊತ್ತುಮಾಡಿಕೊಂಡು ಹೋಗಬಾರದು; ಅಂದಿನ ದೋಣಿ ಏನು ತಂದಿತೆಂದು ತಿಳಿದು ಅದನ್ನು ಕೇಳಬೇಕು. ಈ ಬರಹದ ಸಲಹೆಗಳೆಲ್ಲವೂ ಆ ಒಂದು ಮಾತಿನ ಸುತ್ತ ಇವೆ, ಮತ್ತು ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿರುವ ಮಲ್ಪೆಯನ್ನು ಗುರಿಯಾಗಿ ಇಟ್ಟುಕೊಂಡಿವೆ.

ಯಾವಾಗ ಹೊರಡಬೇಕು, ಹೇಗೆ ಹೋಗಬೇಕು

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ದಡದ ಸಮೀಪ ನಾಡದೋಣಿಯವರು ಹಿಡಿದು ತರುವ ಮೀನು ಸಿಗುತ್ತದೆಯಾದರೂ ಅದು ಸ್ವಲ್ಪವೇ. ಪೂರ್ವ ಕರಾವಳಿಯ ನಿಷೇಧವು ಏಪ್ರಿಲ್ 15ರಿಂದ ಜೂನ್ 14ರವರೆಗೆ ಇದ್ದು ಮೊದಲೇ ಮುಗಿಯುವುದರಿಂದ, ಜೂನ್ ಕೊನೆಯಲ್ಲಿ ಅಥವಾ ಜುಲೈಯಲ್ಲಿ ಮಲ್ಪೆಯ ಹೋಟೆಲಿನಲ್ಲಿ ಕುಳಿತವನ ತಟ್ಟೆಗೆ ಬಂದ ಮೀನು ಬಂಗಾಳ ಕೊಲ್ಲಿಯಿಂದ ಲಾರಿಯಲ್ಲಿ ಬಂದದ್ದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಅದನ್ನೇ ತಿನ್ನುವುದಾದರೆ ಮೈಸೂರಿನಲ್ಲೇ ತಿನ್ನಬಹುದು. 

ಆಗಸ್ಟ್‌ನಲ್ಲಿ ಮೀನುಗಾರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿ ಕೆಲಸ ಶುರುಮಾಡುತ್ತಾರೆ. ಆದರೂ ಕಡಲು ಇಳಿಯಲು ಇನ್ನೂ ಕೆಲವು ವಾರ ಬೇಕು. ಮಳೆ ನಿಂತ ಮೇಲೆ, ಅಂದರೆ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ, ಹೋಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು; ಬೂತಾಯಿ ಎಂಬ ಸಣ್ಣ ಮೀನಿನಲ್ಲಿ ಕೊಬ್ಬು ತುಂಬಿ ಅದು ರುಚಿಗೆ ಬರುವುದೂ ಮಳೆಗಾಲ ಕಳೆದ ಈ ಕಾಲದಲ್ಲಿಯೇ. ದಸರೆಯ ಗದ್ದಲದಿಂದ ತಪ್ಪಿಸಿಕೊಳ್ಳಬೇಕೆನ್ನುವ ಮೈಸೂರಿನವರಿಗೆ ರಜೆಯೂ ಆಗಲೇ ಸಿಗುತ್ತದೆ. ನವರಾತ್ರಿಯಲ್ಲಿ ಮೀನು ಮುಟ್ಟದವರು ಜಂಬೂಸವಾರಿ ಮುಗಿಸಿ ಮರುದಿನ ಹೊರಟರೆ ಸರಿಯಾಗುತ್ತದೆ.

ರಸ್ತೆಯಲ್ಲಿ ಹೋಗುವವರು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಬಿ.ಸಿ. ರೋಡ್ ಮಾರ್ಗವಾಗಿ ಮಂಗಳೂರು ಸೇರಿ, ಅಲ್ಲಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿಯಬೇಕು. ಒಟ್ಟು ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚಾಗುವ ಈ ದಾರಿಗೆ ಊಟ, ಕಾಫಿಯ ನಿಲುಗಡೆ ಸೇರಿಸಿ ಇಡೀ ಹಗಲನ್ನೇ ಮೀಸಲಿಡುವುದು ಜಾಣತನ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಘಾಟಿ ಬಹುಕಾಲ ಮುಚ್ಚಿದ್ದು ನೆನಪಿದ್ದವರು ಮಳೆಗಾಲದಲ್ಲಿ ಈ ಕಡೆಗೆ ತಲೆ ಹಾಕಲಾರರು. ರೈಲು ಇಷ್ಟವಾದರೆ, ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನ ಮಾರ್ಗವಾಗಿ ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಉಡುಪಿಯಲ್ಲಿಯೂ ನಿಲ್ಲುತ್ತದೆ. ನನ್ನ ಮತ ರೈಲಿಗೇ. ಆದರೆ ಹಸಿ ಮೀನನ್ನು ಮನೆಗೆ ತರುವ ಆಸೆ ಇರುವವರಿಗೆ ಕಾರು ಬೇಕಾಗುತ್ತದೆ.

ಮೊದಲು ಬಂದರು, ಆಮೇಲೆ ಹೋಟೆಲು

ಮಲ್ಪೆಯನ್ನು ಈಗ ಹಳ್ಳಿ ಎನ್ನುವುದು ಕಷ್ಟ. ಅದು ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಹಾಗಿದ್ದೂ ಅದರ ಬದುಕು ಇಂದಿಗೂ ಮೀನಿನ ಸುತ್ತಲೇ ತಿರುಗುತ್ತದೆ. ಅದನ್ನು ನೋಡಬೇಕಾದರೆ ಬೆಳಗಿನ ಜಾವ ಎದ್ದು, ಕಾಫಿ ಕುಡಿದು, ಆರು ಗಂಟೆಗೆಲ್ಲ ಧಕ್ಕೆಯ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಯ, ಹತ್ತಿರ ಇರಬೇಕು. ನೀರು, ಮೀನಿನ ರಸ, ಕರಗಿದ ಮಂಜುಗಡ್ಡೆ ಸೇರಿ ನೆಲ ಜಾರುವುದರಿಂದ ಒಳ್ಳೆಯ ಬೂಟುಗಳನ್ನು ಕೋಣೆಯಲ್ಲೇ ಬಿಟ್ಟು ಹಳೆಯ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ತಲೆಯ ಮೇಲೆ ಬುಟ್ಟಿ ಹೊತ್ತವರಿಗೂ ಗಾಡಿ ತಳ್ಳುವವರಿಗೂ ದಾರಿ ಬಿಡಿ, ಹರಡಿದ ಬಲೆಯನ್ನು ತುಳಿಯಬೇಡಿ, ಯಾರದೇ ಮುಖಕ್ಕೆ ಮೊಬೈಲು ಹಿಡಿಯುವ ಮೊದಲು ಒಂದು ಮಾತು ಕೇಳಿ. ಅಲ್ಲಿರುವವರು ದುಡಿಯುತ್ತಿದ್ದಾರೆ, ನಾವು ಮಾತ್ರ ರಜೆಯಲ್ಲಿದ್ದೇವೆ.

ಇಲ್ಲಿ ಗಮನವಿಟ್ಟು ನೋಡಬೇಕಾದದ್ದು ದೋಣಿಗಳ ಬಗೆಯನ್ನು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಒಂದು ವಾರ, ಹತ್ತು ದಿನ ಕಡಲಿನಲ್ಲೇ ಇದ್ದು, ಹಿಡಿದ ಮೀನನ್ನು ಒಳಗಿನ ಮಂಜುಗಡ್ಡೆಯಲ್ಲಿ ತುಂಬಿಕೊಂಡು ಬರುತ್ತವೆ. ಪರ್ಸಿನ್ ಬೋಟಿನವರು ಬಂಗುಡೆ, ಬೂತಾಯಿಯಂತಹ ಹಿಂಡುಮೀನುಗಳನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿದು ಬೇಗನೆ ಮರಳುತ್ತಾರೆ. ನಾಡದೋಣಿಯವರು, ದಡದಿಂದಲೇ ಕೈರಂಪಣಿ ಬಲೆ ಎಳೆಯುವವರು ತರುವುದು ಕಡಿಮೆ, ಆದರೆ ಅದು ಆಗತಾನೇ ನೀರು ಬಿಟ್ಟ ಮೀನು. ಕಡಲತೀರದ ಊರು ಎಂದಮಾತ್ರಕ್ಕೆ ಅಲ್ಲಿಯ ಮೀನೆಲ್ಲ ಅಂದೇ ಹಿಡಿದದ್ದು ಎಂದು ತಿಳಿಯುವುದು ನಮ್ಮ ಒಳನಾಡಿನವರ ದೊಡ್ಡ ತಪ್ಪು. ಆದ್ದರಿಂದ ‘ಫ್ರೆಶ್ ಇದೆಯಾ’ ಎಂದು ಕೇಳಬೇಡಿ, ಏಕೆಂದರೆ ಅದಕ್ಕೆ ಎಲ್ಲರೂ ಹೌದೆಂದೇ ಹೇಳುತ್ತಾರೆ. ‘ಇವತ್ತು ಬೆಳಗ್ಗೆ ಯಾವ ಮೀನು ಬಂತು’ ಎಂದು ಕೇಳಿ.

ಮೀನಿನ ಹೆಸರುಗಳನ್ನೂ ಇಲ್ಲಿಯೇ ಕಲಿಯಬೇಕು, ಏಕೆಂದರೆ ಹೋಟೆಲಿನಲ್ಲಿ ಎಲ್ಲವೂ ಮಸಾಲೆಯೊಳಗೆ ಅಡಗಿರುತ್ತವೆ. ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ ದುಂಡು ಮೈಯದು ಬಂಗುಡೆ. ಬೆಳ್ಳಿಯಂತೆ ಹೊಳೆಯುವ ಗೇಣಷ್ಟೂ ಇಲ್ಲದ ಮೀನು ಬೂತಾಯಿ. ಚಪ್ಪಟೆಯಾಗಿ ನಾಲಿಗೆಯಂತಿರುವುದು ನಂಗ್. ಸಪೂರವಾಗಿ ತಿಳಿಬಣ್ಣದಲ್ಲಿರುವುದು ಕಾಣೆ. ನಾವು ಪಾಂಫ್ರೆಟ್ ಎನ್ನುವುದು ಅಲ್ಲಿ ಮಾಂಜಿ, ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಏಡಿಗೆ ಡೆಂಜಿ, ಚಿಪ್ಪಿನೊಳಗಿನದು ಮರುವಾಯಿ, ಹಲವು ಕೈಗಳ ಮೆತ್ತನೆಯ ಜೀವಿ ಬೊಂಡಾಸ್. ಮೀನು ಹೊಸದೇ ಎಂದು ನೋಡಲು ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳುತ್ತದೆಯೇ ಎಂಬ ಮೂರು ಪರೀಕ್ಷೆ ಸಾಕು. ಬೂತಾಯಿಯಾದರೆ ಹೊಟ್ಟೆ ಒಡೆದಿರಬಾರದು.

ಮಾತಿನ ವಿಷಯದಲ್ಲಿ ಒಂದೆರಡು ಎಚ್ಚರಿಕೆ. ಅಲ್ಲಿಯ ಮನೆಮಾತು ತುಳು, ಆದರೆ ಕನ್ನಡ ಎಲ್ಲರಿಗೂ ಬರುತ್ತದೆ. ‘ಅಂಜಲ್ ಉಂಡಾ?’ ಎಂದು ಯಾರಾದರೂ ಅಂಗಡಿಯವರನ್ನು ಕೇಳಿದರೆ ಅಂಜಲ್ ಎಂಬಾತ ಊಟ ಮಾಡಿದನೇ ಎಂದು ವಿಚಾರಿಸುತ್ತಿದ್ದಾರೆಂದು ಭಾವಿಸಬೇಡಿ; ತುಳುವಿನಲ್ಲಿ ಅದಕ್ಕೆ ‘ಇದೆಯೇ’ ಎಂದರ್ಥ, ‘ಇಜ್ಜಿ’ ಎಂದರೆ ಇಲ್ಲ. ನಮ್ಮ ಮಂಡ್ಯದ ಕಡೆ ಪ್ರೀತಿಗೆ ಏಕವಚನ ಸಲೀಸಾಗಿ ಬಂದುಬಿಡುತ್ತದೆ. ಕರಾವಳಿಯಲ್ಲಿ ಅಪರಿಚಿತರನ್ನು ಬಹುವಚನದಲ್ಲಿಯೇ ಮಾತನಾಡಿಸುವ ರೂಢಿ ಇರುವುದರಿಂದ, ಮೀನು ಮಾರುವ ಹೆಂಗಸರನ್ನು ‘ಅಕ್ಕಾ, ಇದು ಹೇಗೆ ಕೊಡ್ತೀರಿ’ ಎಂದು ಕೇಳಿದರೆ ಬೆಲೆಯೂ ತುಸು ಇಳಿದೀತು. ನಮ್ಮಲ್ಲಿ ಹಬ್ಬಕ್ಕೆ ಗುಡ್ಡೆ ಬಾಡು ಹಾಕುವಂತೆ ಅಲ್ಲಿಯೂ ಸಣ್ಣ ಮೀನನ್ನು ಗುಂಪು ಗುಂಪಾಗಿ ಇಟ್ಟು ಮಾರುವುದುಂಟು.

ಮಧ್ಯಾಹ್ನದ ಊಟ

ಕೃಷ್ಣಮಠಕ್ಕೂ ಹೋಗುವವರು ಮೀನಿನ ಊಟಕ್ಕೆ ಮುನ್ನ, ಬೆಳಗ್ಗೆಯೇ, ಸ್ನಾನ ಮಾಡಿ ದರ್ಶನ ಮುಗಿಸಿಕೊಳ್ಳಬೇಕು. ಮಲ್ಪೆಯಲ್ಲಿಯೇ ಇರುವ ವಡಭಾಂಡೇಶ್ವರದ ಬಲರಾಮನ ಗುಡಿಗೂ ಇದೇ ಮಾತು ಅನ್ವಯಿಸುತ್ತದೆ. ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಅವರನ್ನು ಮೀನಿನ ಹೋಟೆಲಿಗೆ ಎಳೆದೊಯ್ದು ಬರೀ ಅನ್ನ, ಉಪ್ಪಿನಕಾಯಿ ತಿನ್ನಿಸುವುದು ಅನ್ಯಾಯ. ಗೋಳಿಬಜೆಯೂ ಬನ್ಸೂ ಸಿಗುವ ಉಡುಪಿಯ ಪೇಟೆ ಆರೇ ಕಿಲೋಮೀಟರು ದೂರದಲ್ಲಿದೆ.

ಹೋಟೆಲನ್ನು ಆರಿಸುವಾಗ ಸಮುದ್ರ ಕಾಣುವ ಕಿಟಕಿಗಿಂತ ಊಟಕ್ಕೆ ಕುಳಿತವರನ್ನು ನೋಡಿ. ಬಂದರಿನಲ್ಲಿ ಕೆಲಸ ಮಾಡುವವರು, ಆಟೋದವರು, ಬ್ಯಾಂಕಿನ ನೌಕರರು ಹನ್ನೆರಡೂವರೆಗೆ ಸಾಲುಹಿಡಿಯುವ ಚಿಕ್ಕ ಊಟದ ಮನೆಯಲ್ಲಿ ಮೀನು ಮರುದಿನಕ್ಕೆ ಉಳಿಯುವುದಿಲ್ಲ. ಅಲ್ಲಿ ಕುಳಿತು ‘ಮೀನು ಊಟ’ ಎಂದು ಹೇಳಿದರೆ ಅನ್ನ, ಮೀನಿನ ಗಸಿ, ಒಂದು ಪಲ್ಯ, ಸಾರು, ಉಪ್ಪಿನಕಾಯಿ ಬರುತ್ತವೆ. ಅನ್ನ ಸಾಮಾನ್ಯವಾಗಿ ಕುಚ್ಚಲಕ್ಕಿಯದು. ದಪ್ಪ ಕಾಳಿನ ಆ ಅನ್ನ ಮೊದಲ ತುತ್ತಿಗೆ ನಮಗೆ ಬೇಯದಂತೆ ತೋರಿದರೂ ತೆಂಗಿನಕಾಯಿ ರುಬ್ಬಿದ ಗಸಿಯನ್ನು ಹೀರಿಕೊಂಡು ಕೊನೆಯವರೆಗೆ ಮುದ್ದೆಯಾಗದೆ ನಿಲ್ಲುವುದು ಅದೇ. ಒಗ್ಗದಿದ್ದರೆ ‘ಬೆಳ್ತಿಗೆ’ ಎಂದು ಕೇಳಿದರೆ ಬಿಳಿ ಅನ್ನ ಕೊಡುತ್ತಾರೆ. ಗಸಿಯನ್ನು ಮತ್ತೆ ಮತ್ತೆ ಬಡಿಸುವುದುಂಟು. ಹುರಿದ ಮೀನಿಗೆ ಮಾತ್ರ ಬೇರೆ ಹಣ.

ಹುರಿದ ಮೀನಿನ ಹಣ ಎಷ್ಟೆಂದು ಮೊದಲೇ ಕೇಳಬೇಕು. ಪಟ್ಟಿಯಲ್ಲಿ ದರದ ಜಾಗದಲ್ಲಿ ‘ಗಾತ್ರಕ್ಕೆ ತಕ್ಕಂತೆ’ ಎಂದಿದ್ದರೆ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಲು ಹೇಳಿ, ದರ ಒಪ್ಪಿದ ಮೇಲೆಯೇ ಕಾವಲಿಗೆ ಹಾಕಿಸಬೇಕು. ಹಾಗೆ ಕೇಳದೆ ಅಂಜಲ್‌ನ ಎರಡು ಅಗಲವಾದ ತುಂಡುಗಳನ್ನು ತಿಂದು, ಬಿಲ್ಲು ಬಂದಾಗ ಹೆಂಡತಿಯ ಮುಖ ನೋಡದೆ ಸಮುದ್ರದ ಕಡೆ ನೋಡಿದ ಅನುಭವ ನನಗಿದೆ. ಅದು ಸಂಕೋಚದ ಬೆಲೆ. ಹೋಟೆಲಿನವರ ತಪ್ಪೇನೂ ಇರಲಿಲ್ಲ.

ಯಾವ ಮೀನಿಗೆ ಯಾವ ಅಡುಗೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ತೆಳು ಮಾಂಸದ ಕಾಣೆ, ನಂಗ್ ಮೀನುಗಳಿಗೆ ರವೆಯ ಹೊದಿಕೆ ಹೊಂದುತ್ತದೆ, ಏಕೆಂದರೆ ಹೊರಗೆ ಗರಿಗರಿಯಾದರೂ ಒಳಗಿನ ಮೆದುತನ ಉಳಿಯುತ್ತದೆ. ಬಂಗುಡೆಗೆ ಬ್ಯಾಡಗಿ ಮೆಣಸು, ಹುಣಸೆ ಅರೆದ ಮಸಾಲೆ ಸವರಿ ತೆಂಗಿನೆಣ್ಣೆಯಲ್ಲಿ ತವಾ ಫ್ರೈ ಮಾಡಿಸಬೇಕು. ಬೂತಾಯಿಗೆ ಪುಳಿಮುಂಚಿಗಿಂತ ಬೇರೆ ಗತಿ ಇಲ್ಲ ಎಂಬುದು ನನ್ನ ಹಟ; ತೆಂಗಿನಕಾಯಿಯಿಲ್ಲದ, ಹುಳಿ, ಖಾರ ಮುಂದಾದ ಆ ದಪ್ಪ ಸಾರು ನಮ್ಮ ಹಳ್ಳಿಯ ಮೀನುಸಾರಿಗೆ ದೂರದ ನೆಂಟ. ಮರುವಾಯಿ ಸಿಕ್ಕಿದರೆ ಸುಕ್ಕ ಮಾಡಿಸಿ ನೀರ್‌ದೋಸೆಯ ಜೊತೆ ತಿನ್ನಿ. ಘೀ ರೋಸ್ಟ್ ರುಚಿಯಾದದ್ದೇ, ಆದರೆ ಅಷ್ಟು ತುಪ್ಪ, ಅಷ್ಟು ಮಸಾಲೆಯ ಕೆಳಗೆ ಹಳೆಯ ಸಿಗಡಿಯೂ ದಾಟಿಹೋಗಬಲ್ಲದು. ಆದ್ದರಿಂದ ಹೊಸ ಹೋಟೆಲಿನಲ್ಲಿ ಮೊದಲ ದಿನ ಸಾದಾ ಗಸಿಯನ್ನೇ ಕೇಳಿ ಅವರ ಮೀನನ್ನು ಅಳೆಯಬೇಕು.

ಮುಳ್ಳಿಗೆ ಹೆದರುವವರಿಗೆ ಒಂದು ಸಮಾಧಾನ. ಕಟ್ಲಾ, ರೋಹುವಿನ ಮಾಂಸದ ನಡುವೆ ಅಡಗಿರುವ ಕವಲು ಮುಳ್ಳುಗಳನ್ನು ಆರಿಸಿ ಬೆಳೆದ ನಾಲಿಗೆಗೆ ಬಂಗುಡೆ ಬಲು ಸುಲಭ: ಮೈಯ ನಡುಗೆರೆಯ ಉದ್ದಕ್ಕೆ ಬೆರಳಿನಿಂದ ಸೀಳಿ, ಮೇಲಿನ, ಕೆಳಗಿನ ಮಾಂಸವನ್ನು ಎರಡು ಕಡೆಗೆ ಸರಿಸಿ, ನಡುವಿನ ಮುಳ್ಳನ್ನು ಬಾಲದಿಂದ ಹಿಡಿದೆತ್ತಿದರೆ ತಲೆಯವರೆಗೂ ಇಡಿಯಾಗಿ ಬರುತ್ತದೆ. ಅಂಜಲ್‌ಗೆ ನಡುಮೂಳೆ ಬಿಟ್ಟರೆ ಹೆಚ್ಚು ತೊಂದರೆ ಇಲ್ಲದ್ದರಿಂದ ಮಕ್ಕಳಿಗೆ ಅದೇ ಸರಿ. ಆದರೆ ಬಂಗುಡೆ, ಬೂತಾಯಿಯಂತಹ ಮೀನುಗಳು ತಂಪಿಲ್ಲದೆ ಬಿಸಿಲಿನಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ, ಅದು ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ ಖಾರವೆಂದು ನುಂಗದೆ ಅಲ್ಲಿಗೇ ನಿಲ್ಲಿಸಬೇಕು. ಮುಖ ಕೆಂಪೇರಿ ತಲೆನೋವು, ಎದೆಬಡಿತ ಶುರುವಾದರೆ ವೈದ್ಯರನ್ನು ಕಾಣಬೇಕು.

ಊಟದ ಆಚೆಗೆ

ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪಗಳನ್ನು ಊಟಕ್ಕೆ ಮೊದಲೇ ನೋಡಿಬರುವುದು ಹೊಟ್ಟೆಗೂ ಒಳ್ಳೆಯದು, ಬಿಸಿಲಿಗೂ ಒಳ್ಳೆಯದು. ಅಲ್ಲಿ ಕಂಬಗಳಂತೆ ನಿಂತ ಕಲ್ಲುಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕುಬಿಟ್ಟು ರೂಪುಗೊಂಡವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನೆಂಬ ಪ್ರತೀತಿಯೂ ಇದೆ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಉಳಿದ ಕಾಲದಲ್ಲಿಯೂ ಮರಳುವ ಕೊನೆಯ ದೋಣಿ ಯಾವಾಗ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಬಂಡೆಗಳ ಅಂಚು ಪಾಚಿಯಿಂದ ಜಾರುತ್ತದೆ, ಫೋಟೋಗಾಗಿ ಅಲ್ಲಿಗೆ ಹೋಗಬೇಡಿ. ಕೆರೆ, ಕಾಲುವೆಗಳಲ್ಲಿ ಈಜಿ ಬೆಳೆದವರು ತಮಗೆ ಈಜು ಬರುತ್ತದೆಂಬ ಧೈರ್ಯದಲ್ಲಿ ಕಡಲಿಗೆ ಇಳಿಯುವುದೂ ಬೇಡ, ಕಡಲಿನ ಸೆಳೆತಕ್ಕೆ ವಿಶ್ವೇಶ್ವರಯ್ಯ ನಾಲೆಯ ಈಜು ಉಪಯೋಗಕ್ಕೆ ಬರುವುದಿಲ್ಲ.

ಸಂಜೆಗೆ ಉತ್ತರದ ಕೋಡಿ ಬೆಂಗ್ರೆಗೆ ಹೋಗಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಕಿರಿದಾದ ಮರಳಪಟ್ಟಿಯ ಮೇಲೆ ಮನೆಗಳು, ತೆಂಗಿನಮರಗಳು, ಒಣಹಾಕಿದ ಬಲೆಗಳು. ಸುವರ್ಣಾ, ಸೀತಾ ನದಿಗಳು ಕೂಡಿ ಸಮುದ್ರ ಸೇರುವ ತುದಿಯವರೆಗೂ ರಸ್ತೆ ಇದೆ. ಮೀನುಗಾರರ ಹಳ್ಳಿ ಎಂಬ ಮಾತಿಗೆ ಈಗ ತಕ್ಕುದಾಗಿ ಉಳಿದಿರುವುದು ಇಂತಹ ಜಾಗವೇ. ಅಲ್ಲಿ ನೋಡುವುದು ಬಿಟ್ಟು ಮಾಡುವಂತಹದ್ದು ಏನೂ ಇಲ್ಲ, ನಡೆದು ಬಂದರಾಯಿತು. ಮಂಗಳೂರಿನ ದಾರಿಯಲ್ಲಿ ಮರಳುವವರು 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ನೋಡಿ ಮುಂದುವರಿಯಬಹುದು.

ಮನೆಗೆ ಹಸಿ ಮೀನು ಒಯ್ಯುವುದಾದರೆ ಹೊರಡುವ ಬೆಳಗ್ಗೆಯೇ ಕೊಂಡು, ಅಲ್ಲಿಯೇ ಹೊಟ್ಟೆ ಬಗೆಸಿ ತೊಳೆಸಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಪುಡಿ ಮಂಜುಗಡ್ಡೆಯನ್ನು ಒಂದು ಪದರ ಅದು, ಒಂದು ಪದರ ಇದು ಎಂಬಂತೆ ಹಾಕಿಸಿ ಬಿಗಿಯಾಗಿ ಮುಚ್ಚಿಸಬೇಕು. ಮಡಿಕೇರಿಯಲ್ಲಿ ಕಾಫಿಗೆ ನಿಂತಾಗ ಕರಗಿದ ನೀರನ್ನು ಚೆಲ್ಲಬೇಕು. ಬೂತಾಯಿ ಬೇಗ ಕೆಡುವುದರಿಂದ ಪೆಟ್ಟಿಗೆಯಿಂದ ಮೊದಲು ಅಡುಗೆಗೆ ತೆಗೆಯಬೇಕಾದದ್ದು ಅದೇ. ಒಣಮೀನಿನ ವಾಸನೆ ಕಾರಿನ ಸೀಟಿಗೆ ಹಿಡಿದರೆ ತಿಂಗಳಾದರೂ ಬಿಡದು, ಹಾಗಾಗಿ ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೇ ತನ್ನಿ. ರಾತ್ರಿ ಮನೆ ಸೇರಿದ ಮೇಲೆ ಕುಚ್ಚಲಕ್ಕಿ ಹುಡುಕುವ ಕಷ್ಟ ಬೇಡ; ಬೂತಾಯಿ ಪುಳಿಮುಂಚಿ ರಾಗಿಮುದ್ದೆಯ ಜೊತೆಗೂ ಚೆನ್ನಾಗಿಯೇ ಇಳಿಯುತ್ತದೆ.