84 ಫೋಟೊ ಕಳಿಸಿದೆ, ಒಬ್ಬರೂ ನೋಡಲಿಲ್ಲ! ಹಿತ್ತಲಿನದು, ಪ್ರವಾಸದ್ದು: ನಿಮ್ಮ ಚಿತ್ರ ನಾಲ್ಕು ಜನ ನೋಡುವ ಹಾಗೆ ಹಂಚುವುದು ಹೇಗೆ?

ಹೋದ ವರ್ಷ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿಕೊಂಡು ಬರುವಾಗ ಬಸ್ಸಲ್ಲಿ ಕೂತಲ್ಲೇ ಮನೆಮಂದಿಯ ವಾಟ್ಸಾಪ್ ಗುಂಪಿಗೆ 84 ಫೋಟೊ ಸುರಿದೆ. ಚಿಕ್ಕಪ್ಪ ಒಂದು ಹೆಬ್ಬೆಟ್ಟು ಒತ್ತಿದರು. ಅತ್ತಿಗೆ ‘ಚೆನ್ನಾಗಿದೆ, ಇದು ಹಂಪೆನಾ?’ ಅಂತ ಕೇಳಿದರು. ಅಷ್ಟೇ. ಆಮೇಲೆ ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆ ಹುಯ್ದು ನಿಂತಿತ್ತು, ಹಿತ್ತಲಿನ ಬಸಳೆ ಚಪ್ಪರದ ಎಲೆ ಮೇಲೆ ನೀರು ಕೂತಿತ್ತು. ಒಂದೇ ಒಂದು ಫೋಟೊ ತೆಗೆದು, ‘ಅಜ್ಜಿ ನೆಟ್ಟ ಬಸಳೆ, ಈ ಸಲದ ಮೊದಲ ಮಳೆ’ ಅಂತ ಬರೆದು ಹಾಕಿದೆ. ಬೆಳಗಾಗೋದರೊಳಗೆ ಅಷ್ಟುದ್ದ ಮಾತುಕತೆ. ಬೆಂಗಳೂರಿನ ತಂಗಿ ಬಳ್ಳಿ ತುಂಡು ತಂದುಕೊಡು ಅಂದಳು. ಚಪ್ಪರ ಕಟ್ಟಿದ್ದು ಯಾರು ಅಂತ ಇಬ್ಬರು ಜಗಳಕ್ಕೇ ನಿಂತರು.

ಬಾದಾಮಿಗಿಂತ ಬಸಳೆ ಚೆನ್ನಾಗಿದೆ ಅಂತಲ್ಲ. ಮೊದಲನೆಯದು ಒಂದು ಚೀಲ ಫೋಟೊ, ಎರಡನೆಯದು ಒಂದು ಫೋಟೊ ಮತ್ತು ಒಂದು ಸಾಲು. ವ್ಯತ್ಯಾಸ ಇರೋದು ಅಲ್ಲೇ. ಒಳ್ಳೆ ಕ್ಯಾಮೆರಾ ಬೇಕಿಲ್ಲ, ಈಗಿರೋ ಮೊಬೈಲೇ ಸಾಕು.

ತೆಗೆಯುವಾಗ

ಇದರ ಬಗ್ಗೆ ಜಾಸ್ತಿ ಹೇಳೋಲ್ಲ, ಯೂಟ್ಯೂಬ್ ತುಂಬಾ ಇದೆ. ಮೂರೇ ಮಾತು. ಒಂದು, ಲೆನ್ಸ್ ಒರೆಸಿ. ಜೇಬಿನಲ್ಲಿ ಬೆವರು, ಎಣ್ಣೆ, ಕೊಬ್ಬರಿ ಚೂರು ಎಲ್ಲ ಮೆತ್ತಿಕೊಂಡಿರುತ್ತದೆ, ಆ ಮಂಜು ಮಂಜಾದ ಬೆಳಕಿಗೆ ಅರ್ಧ ಕಾರಣ ಅದೇ. ಎರಡು, ಎರಡು ಬೆರಳಲ್ಲಿ ಎಳೆದು ಝೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ. ಮೂರು, ಬೆಳಕಿಗೆ ಕಾಯಿರಿ. ಬಾದಾಮಿಯ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿ ಭೂತನಾಥ ಗುಡಿ ಇದೆಯಲ್ಲ, ಅದನ್ನು ಮಧ್ಯಾಹ್ನ ತೆಗೆದರೆ ಬೂದು ಕಲ್ಲು, ಅದೇ ಸಂಜೆ ಸೂರ್ಯ ಇಳಿಯುವಾಗ ಕೆರೆಯ ಈಚೆ ಬದಿಯಿಂದ ತೆಗೆದರೆ ಗುಡಿಯೂ ಹಿಂದಿನ ಬಂಡೆಯೂ ಕೆಂಡದ ಹಾಗೆ ಕಾಣುತ್ತವೆ. ನಾವು ಹೋಗಿದ್ದು ಒಂದು ಗಂಟೆಗೆ, ಕೇಳಬೇಡಿ.

ಗುಹೆಯೊಳಗೆ ಇನ್ನೊಂದು ತೊಂದರೆ. ಹೊರಗೆ ಝಗಮಗ ಬಿಸಿಲು, ಒಳಗೆ ಕತ್ತಲು, ಕಂಬದ ಮೇಲಿನ ಶಿಲ್ಪ ಕಪ್ಪಾಗಿಬಿಡುತ್ತದೆ. ಪರದೆ ಮೇಲೆ ಆ ಶಿಲ್ಪವನ್ನೇ ಬೆರಳಿಂದ ಮುಟ್ಟಿ, ಆಗ ಮೊಬೈಲ್ ಅದಕ್ಕೆ ಬೇಕಾದಷ್ಟು ಬೆಳಕು ತೆಗೆದುಕೊಳ್ಳುತ್ತದೆ. ಫ್ಲಾಶ್ ಹಾಕಿದರೆ ಕೆತ್ತನೆಯ ನೆರಳೆಲ್ಲ ಹೋಗಿ ಶಿಲ್ಪ ಹಪ್ಪಳದ ಹಾಗೆ ಚಪ್ಪಟೆ. ಅಂದ ಹಾಗೆ, ಪುರಾತತ್ವ ಇಲಾಖೆ 2018ರಲ್ಲಿ ತನ್ನ ಸ್ಮಾರಕಗಳಲ್ಲಿ ಫೋಟೊ ತೆಗೆಯುವುದಕ್ಕೆ ಬಾಗಿಲು ತೆರೆಯಿತು. ತಾಜ್‌ಮಹಲಿನ ಒಳಗಿನ ಗೋರಿ, ಅಜಂತಾ ಗುಹೆ, ಲೇಹ್ ಅರಮನೆ ಇವು ಮೂರನ್ನು ಮಾತ್ರ ಹೊರಗಿಟ್ಟಿತು. ಆದರೆ ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಈಗಲೂ ಪೂಜೆ ನಡೆಯುತ್ತದೆ, ಅಂಥ ಕಡೆ ಗರ್ಭಗುಡಿಯತ್ತ ಮೊಬೈಲ್ ಎತ್ತುವ ಮೊದಲು ಅರ್ಚಕರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಆರಿಸುವಾಗ: ಇದೇ ಕಷ್ಟದ ಕೆಲಸ

ಊರಿಗೆ ಬಂದ ದಿನವೇ ಆರಿಸಬೇಡಿ. ಎರಡು ದಿನ ಬಿಡಿ. ಅಲ್ಲಿದ್ದಾಗ ಬೀಸಿದ ಗಾಳಿ, ಕುಡಿದ ಮಜ್ಜಿಗೆ ಎಲ್ಲ ಇನ್ನೂ ತಲೆಯಲ್ಲಿ ಇರೋವಾಗ ಕೆಟ್ಟ ಫೋಟೊನೂ ಚೆನ್ನಾಗೇ ಕಾಣುತ್ತದೆ. ನೋಡುವವರಿಗೆ ಆ ಗಾಳಿ ಇಲ್ಲ, ಮಜ್ಜಿಗೆನೂ ಇಲ್ಲ. ಅವರಿಗೆ ಫೋಟೊ ಮಾತ್ರ.

ನಾನೀಗ ಮೂರು ಸುತ್ತು ಜರಡಿ ಹಿಡಿಯುತ್ತೇನೆ. ಮೊದಲ ಸುತ್ತಲ್ಲಿ ಅಲುಗಿದ್ದು, ಕಣ್ಣು ಮುಚ್ಚಿದ್ದು, ಬೆರಳು ಅಡ್ಡ ಬಂದದ್ದು ಎಲ್ಲ ಡಿಲೀಟ್, ಯೋಚನೆಯೇ ಬೇಡ. ಎರಡನೇ ಸುತ್ತಲ್ಲಿ ಒಂದೇ ಥರದವನ್ನು ಪಕ್ಕಪಕ್ಕ ಇಟ್ಟು ಒಂದನ್ನು ಉಳಿಸಿಕೊಳ್ಳುವುದು. ಐಹೊಳೆಯ ದುರ್ಗ ಗುಡಿಯದೇ ನನ್ನ ಹತ್ತಿರ 14 ಇದ್ದವು. ನಾಲ್ಕರಲ್ಲಿ ನಮ್ಮದೇ ಹಳದಿ ಚೀಲ ಕಟ್ಟೆ ಮೇಲೆ ಕೂತಿತ್ತು. ಐದು ಒಂದೇ ಜಾಗದಿಂದ, ಒಂದೊಂದು ಅಂಗುಲ ಆಚೀಚೆ. ಎರಡು ಸೊಟ್ಟ. ಒಂದರಲ್ಲಿ ಮಾವನ ಅರ್ಧ ತಲೆ. ಉಳಿದ ಎರಡರಲ್ಲಿ ಒಂದು ಗುಡಿಯ ಹಿಂಬದಿಯದು, ಅರ್ಧ ಚಂದ್ರನ ಹಾಗೆ ದುಂಡಗೆ ತಿರುಗುವ ಆ ಗೋಡೆ ಪೂರ್ತಿ ಕಾಣುತ್ತಿತ್ತು. ಆ ಗುಡಿಯ ವಿಶೇಷ ಇರುವುದೇ ಅದರಲ್ಲಿ, ಹಾಗಾಗಿ ಅದನ್ನೇ ಇಟ್ಟುಕೊಂಡೆ. ಮುಂದಿನಿಂದ ತೆಗೆದದ್ದು ಇನ್ನೂ ಸ್ಪಷ್ಟವಾಗಿತ್ತು ನಿಜ, ಆದರೆ ಅದನ್ನು ನೋಡಿದರೆ ಯಾವ ಗುಡಿ ಅಂತಲೇ ಗೊತ್ತಾಗುತ್ತಿರಲಿಲ್ಲ.

ಮೂರನೇ ಸುತ್ತಲ್ಲಿ ಉಳಿದವನ್ನು ಊಟದ ಎಲೆ ಹಾಗೆ ನೋಡಿ. ಬರೀ ಅನ್ನ ಬಡಿಸಿದರೆ ಆಗುತ್ತಾ? ದೂರದಿಂದ ಇಡೀ ಜಾಗ ಕಾಣುವುದು ಒಂದೆರಡು, ಹತ್ತಿರದಿಂದ ಕೈ ಬೆರಳೋ ಕೆತ್ತನೆಯ ಬಳ್ಳಿಯೋ ಕಾಣುವುದು ಒಂದೆರಡು, ಜನ ಇರುವುದು, ತಿಂದದ್ದು. ನನ್ನ 84ರಲ್ಲಿ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬರ ಕೈ ಒಂದಿತ್ತು (ಮುಖ ಬೇಡ ಅಂದಿದ್ದರು, ಕೈ ತೆಗೆದುಕೋ ಅಂದರು). ಕೊನೆಗೆ ಎಲ್ಲರಿಗೂ ಹಿಡಿಸಿದ್ದು ಅದೇ. ಎಷ್ಟು ಇಟ್ಟುಕೊಳ್ಳಬೇಕು? ಮೂರು ದಿನದ ಪ್ರವಾಸಕ್ಕೆ 12 ಧಾರಾಳ. ಹಿತ್ತಲಿಗಾದರೆ ವಾರಕ್ಕೆ ಒಂದು.

ತಿದ್ದುವುದು ಅಂದರೆ ಸೊಟ್ಟ ಇದ್ದರೆ ನೇರ ಮಾಡಿ, ಬೇಡದ್ದನ್ನು ಕತ್ತರಿಸಿ, ಕತ್ತಲಿದ್ದರೆ ಸ್ವಲ್ಪ ಬೆಳಗಿಸಿ. ಮೊಬೈಲಿನ ಗ್ಯಾಲರಿಯಲ್ಲೇ ಇದೆಲ್ಲ ಇರುತ್ತದೆ. ಫಿಲ್ಟರ್ ಬೇಡ. ಬಾದಾಮಿ ಕಲ್ಲು ತಾನಾಗಿಯೇ ಕೆಂಪು, ಅದಕ್ಕೆ ಇನ್ನಷ್ಟು ಬಣ್ಣ ಹಾಕಿದರೆ ಟೊಮೆಟೊ ಸಾರು.

ಅಡಿಬರಹ ಬರೆಯುವಾಗ

ನಮ್ಮ ಮನೆ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೇ ಫೋಟೊ ಇವೆ. ಹಿಂದೆ ಒಂದಕ್ಷರ ಇಲ್ಲ. ಯಾವುದೋ ಜಾತ್ರೆ, ಯಾರೋ ಪೇಟ ಸುತ್ತಿದವರು, ಯಾವುದೋ ಹೊಳೆ. ಹೇಳಬೇಕಾದವರು ಯಾರೂ ಈಗಿಲ್ಲ. ಮೊಬೈಲ್ ಫೋಟೊಗಳೂ ಅದೇ ಡಬ್ಬಿಗೆ ಹೊರಟಿವೆ, ಸ್ವಲ್ಪ ಬೇಗ ಅಷ್ಟೇ.

ಆದ್ದರಿಂದ ಎಲ್ಲಿ, ಯಾವಾಗ, ಏನು ಅಂತ ಬರೆಯಿರಿ, ಜೊತೆಗೆ ಫೋಟೊದಲ್ಲಿ ಕಾಣದ ಒಂದು ಸಂಗತಿ. ಮೊದಲ ಮೂರು ಬೇಕೇ ಬೇಕು, ನಾಲ್ಕನೆಯದು ಇದ್ದರೆ ರುಚಿ. ‘ಬ್ಯೂಟಿಫುಲ್ ಐಹೊಳೆ’ ಅಂತ ಬರೆದರೆ ಏನು ಬಂತು? ನಾನು ಬರೆದದ್ದು ಇದು: ‘ಐಹೊಳೆ, ದುರ್ಗ ಗುಡಿಯ ಹಿಂಬದಿ, ಜನವರಿ. ಇದು ದುರ್ಗಾದೇವಿಯ ಗುಡಿ ಅಲ್ಲ, ಪಕ್ಕದಲ್ಲಿ ಕೋಟೆ ಇತ್ತು, ದುರ್ಗ, ಅದರಿಂದ ಬಂದ ಹೆಸರು.’ ಇಷ್ಟಕ್ಕೇ ಗುಂಪಿನಲ್ಲಿ ಮೂರು ಜನ ‘ಹೌದಾ!’ ಅಂದರು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಫೋಟೊಗೆ, ಗಂಡ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಗೆದ್ದು ಬಂದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು ಅಂತ ಹಾಕಿದೆ. ಅಲ್ಲೇ ಬೋರ್ಡ್ ಇರುತ್ತದೆ. ಗುಡಿಯ ಫೋಟೊ ತೆಗೆದ ಮೇಲೆ ಬೋರ್ಡಿನದೂ ಒಂದು ತೆಗೆದುಕೊಳ್ಳಿ, ಹಂಚೋಕಲ್ಲ, ಬರೆಯುವಾಗ ನೋಡಿಕೊಳ್ಳೋಕೆ. ಗೊತ್ತಿಲ್ಲದ್ದನ್ನು ಮಾತ್ರ ಊಹಿಸಿ ಬರೆಯಬೇಡಿ. ‘ಈ ಹೂವಿನ ಹೆಸರು ಗೊತ್ತಿಲ್ಲ, ಬಲ್ಲವರು ಹೇಳಿ’ ಅಂತ ಕೇಳಿದರೆ ಯಾರಾದರೂ ಹೇಳೇ ಹೇಳುತ್ತಾರೆ.

ಕಳಿಸುವಾಗ

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಮೊಬೈಲಲ್ಲಿ ನೋಡೋಕೆ ಪರವಾಗಿಲ್ಲ, ಪ್ರಿಂಟ್ ಹಾಕಿಸಿದರೆ ಬಣ್ಣ ಬಿರಿದ ಗೋಡೆ. 2023ರಿಂದ ಎಚ್‌ಡಿ ಅನ್ನೋ ಗುಂಡಿ ಬಂದಿದೆ, ಕಳಿಸುವ ಮುಂಚೆ ಅದನ್ನು ಒತ್ತಿದರೆ ಸ್ವಲ್ಪ ವಾಸಿ, ಆದರೂ ಮೂಲದ ಹಾಗೆ ಇರೋಲ್ಲ. ಮೂಲವೇ ಬೇಕಾದರೆ ಪಿನ್ ಚಿಹ್ನೆ ಒತ್ತಿ, ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಆಗ ಒಂದು ಚೂರೂ ಕಡಿಮೆಯಾಗದೆ ಹೋಗುತ್ತದೆ.

ಇನ್ನೊಂದು ಸಣ್ಣ ಗುಟ್ಟು. ಫೈಲ್ ಹೆಸರಿನ ಕೊನೆಗೆ ‘ಡಬ್ಲ್ಯೂಎ0003’ ಥರ ಇದ್ದರೆ ಅದು ವಾಟ್ಸಾಪ್‌ನಲ್ಲಿ ಬಂದದ್ದು. ಆ ಹೆಸರಲ್ಲಿರುವ ತಾರೀಖು ಫೋಟೊ ತೆಗೆದ ದಿನದ್ದಲ್ಲ, ವಾಟ್ಸಾಪ್‌ನಲ್ಲಿ ಓಡಾಡಿದ ದಿನದ್ದು. ಮದುವೆ ಆಲ್ಬಮ್ ಜೋಡಿಸುವಾಗ ಇದರಿಂದ ನಾನು ಅರ್ಧ ದಿನ ಕಳೆದುಕೊಂಡಿದ್ದೇನೆ.

ಮನೆಯವರಿಗೆಲ್ಲ ಪೂರ್ತಿ ಪ್ರವಾಸ ತೋರಿಸಬೇಕು ಅನ್ನಿಸಿದರೆ ಗೂಗಲ್ ಫೋಟೋಸ್‌ನಲ್ಲಿ ಒಂದು ಆಲ್ಬಮ್ ಮಾಡಿ ಲಿಂಕ್ ಕೊಡಿ. ಬೇಕಾದವರು ತೆರೆದು ನೋಡುತ್ತಾರೆ, ಯಾರ ಮೊಬೈಲೂ ತುಂಬಿ ಹೋಗೋಲ್ಲ. ಎರಡು ವಿಷಯ ನೆನಪಿರಲಿ. ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ಆಲ್ಬಮ್ ನೋಡಬಹುದು. ಮತ್ತೆ, ಅಲ್ಲಿ ಪುಕ್ಕಟೆ ಜಾಗ ಇರುವುದು 15 ಜಿಬಿ, ಅದರಲ್ಲೇ ಜಿಮೇಲೂ ಡ್ರೈವೂ ಸೇರಿದೆ. ಎಷ್ಟು ಬೇಕಾದರೂ ತುಂಬಿಸಿ ಅಂತ ಇದ್ದದ್ದು 2021ರ ಜೂನ್‌ಗೆ ನಿಂತುಹೋಯಿತು.

ಏನನ್ನು ಹಂಚಬಾರದು?

ಫೋಟೊ ಜೊತೆಗೆ ಅದನ್ನು ತೆಗೆದ ಜಾಗದ ಗುರುತೂ ಫೈಲಿನೊಳಗೆ ಕೂತಿರುತ್ತದೆ. ಪ್ರವಾಸಕ್ಕೆ ಒಳ್ಳೇದೇ, ಮನೆಯ ಫೋಟೊಗೆ ಅಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಆ ಗುರುತು ಅಳಿಸಿಹೋಗುತ್ತದೆ, ಈಗಷ್ಟೇ ಹೇಳಿದ ಡಾಕ್ಯುಮೆಂಟ್ ದಾರಿಯಲ್ಲಿ ಹಾಗೇ ಉಳಿಯುತ್ತದೆ. ಗುರುತಿಲ್ಲದವರಿಗೆ ಕಳಿಸುವುದಾದರೆ ಕ್ಯಾಮೆರಾ ಸೆಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟು ತೆಗೆಯಿರಿ. ಐಫೋನ್‌ನಲ್ಲಾದರೆ ಶೇರ್ ಒತ್ತಿದಾಗ ಮೇಲೆ ‘ಆಪ್ಷನ್ಸ್’ ಬರುತ್ತದೆ, ಅಲ್ಲೇ ತೆಗೆದುಹಾಕಬಹುದು. ಊರು ಬಿಟ್ಟಿದ್ದೇವೆ, ಮನೆಗೆ ಬೀಗ ಅಂತ ಲೋಕಕ್ಕೆಲ್ಲ ಸಾರುವ ಫೋಟೊಗಳು ವಾಪಸ್ ಬಂದ ಮೇಲೆ ಹೋದರೂ ನಡೆಯುತ್ತದೆ. ಬೇರೆಯವರ ಮಕ್ಕಳ ಮುಖ, ಕೆರೆಯಲ್ಲಿ ಬಟ್ಟೆ ಒಗೆಯುವವರು, ಸ್ನಾನ ಮಾಡುವವರು ಇವಂತೂ ಬೇಡವೇ ಬೇಡ.

ಹಕ್ಕಿ ಗೂಡಿನ ಬಗ್ಗೆ ನನ್ನದೇ ತಪ್ಪು ಹೇಳಬೇಕು. ನಮ್ಮ ದಾಸವಾಳದ ಗಿಡದಲ್ಲಿ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರ ಬಲೆಯಲ್ಲಿ ಒಣಗಿದ ಎಲೆ, ತೊಗಟೆ ಚೂರು ಅಂಟಿಸಿ ನೇತುಹಾಕಿದ, ನೋಡೋಕೆ ಕಸದ ಉಂಡೆಯಂಥ ಗೂಡು. ಕ್ಯಾಮೆರಾಗೆ ಅಡ್ಡ ಬರುತ್ತೆ ಅಂತ ಎರಡೇ ಎರಡು ಎಲೆ ಕಿತ್ತೆ. ಫೋಟೊ ಸೊಗಸಾಗಿ ಬಂತು. ಮಾರನೇ ದಿನ ಕಾಗೆ ಬಂದು ಗೂಡು ಹರಿದುಹಾಕಿತ್ತು. ಆ ಎರಡು ಎಲೆಯೇ ಅದಕ್ಕೆ ಬಾಗಿಲು, ಚಾವಣಿ ಎಲ್ಲ. ಆ ಫೋಟೊ ಇವತ್ತಿಗೂ ಯಾರಿಗೂ ತೋರಿಸಿಲ್ಲ. ಗೂಡಿದ್ದರೆ ದೂರದಿಂದ ನೋಡಿ, ಅಷ್ಟು ಸಾಕು.

ಊರಿಗೆಲ್ಲ ಕೊಡುವುದಾದರೆ

ನಿಮ್ಮೂರಿನ ಕೆರೆ ಏರಿಯ ವೀರಗಲ್ಲು, ಕೋಟೆ ಬಾಗಿಲು, ಸಂತೆ ಇಂಥವುಗಳ ಫೋಟೊ ಇಂಟರ್ನೆಟ್ಟಲ್ಲಿ ಹುಡುಕಿ ನೋಡಿ. ಎಷ್ಟೋ ಊರಿನದು ಒಂದೂ ಸಿಗೋಲ್ಲ. ನಿಮ್ಮ ಹತ್ತಿರ ಇದ್ದರೆ ವಿಕಿಮೀಡಿಯ ಕಾಮನ್ಸ್‌ಗೆ ಕೊಡಬಹುದು. 2004ರಲ್ಲಿ ಶುರುವಾದ ಫೋಟೊ ಕಣಜ ಅದು, ವಿಕಿಪೀಡಿಯದ ಬಹುಪಾಲು ಚಿತ್ರ ಬರುವುದು ಅಲ್ಲಿಂದಲೇ. ಖಾತೆ ತೆರೆದು, ‘ಅಪ್‌ಲೋಡ್’ ಒತ್ತಿ, ಚಿತ್ರ ಆರಿಸಿ, ಇದು ನನ್ನದೇ ಕೆಲಸ ಅಂತ ಗುರುತು ಹಾಕಿ, ವಿವರ ಬರೆದರೆ ಮುಗಿಯಿತು. ವಿವರ ಕನ್ನಡದಲ್ಲೇ ಬರೆಯಬಹುದು. ಫೈಲಿಗೆ ಮಾತ್ರ ‘ಐಎಂಜಿ 2041’ ಅಂತ ಬಿಡದೆ ಊರಿನ ಹೆಸರು ಹಾಕಿ. ಮೂಲ ಗಾತ್ರದಲ್ಲೇ ಕೊಡಿ, ಮೂಲೆಯಲ್ಲಿ ನಿಮ್ಮ ಹೆಸರಿನ ಮುದ್ರೆ ಬೇಡ.

ಒತ್ತುವ ಮುಂಚೆ ಒಂದು ಗಳಿಗೆ ಯೋಚಿಸಿ. ಅಲ್ಲಿ ಕೊಟ್ಟ ಮೇಲೆ ಯಾರು ಬೇಕಾದರೂ ಬಳಸಬಹುದು, ಕ್ಯಾಲೆಂಡರ್ ಮಾಡಿ ಮಾರಲೂಬಹುದು, ಸಾಮಾನ್ಯವಾಗಿ ಆರಿಸುವ ಲೈಸೆನ್ಸಿನಲ್ಲಿ ಬಳಸಿದವರು ನಿಮ್ಮ ಹೆಸರು ಹಾಕಬೇಕು. ಕೊಟ್ಟ ಅನುಮತಿಯನ್ನು ವಾಪಸ್ ಕೇಳುವ ಹಾಗಿಲ್ಲ. ಇದು ಒಪ್ಪಿಗೆ ಇಲ್ಲದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ, ಏನೂ ತಪ್ಪಿಲ್ಲ. ಸೆಲ್ಫಿ, ಮಗುವಿನ ನಾಮಕರಣ ಅಲ್ಲಿಗಲ್ಲ. ಫಾರ್ವರ್ಡ್‌ನಲ್ಲಿ ಬಂದ ಫೋಟೊ ಅಂತೂ ಹಾಕಲೇಬೇಡಿ, ಅದು ನಿಮ್ಮದಲ್ಲ. ಸುಮ್ನೆ ಕೊಡೋಕೆ ಬೇಜಾರು, ಸ್ಪರ್ಧೆ ಇದ್ದರೆ ಹುಮ್ಮಸ್ಸು ಅನ್ನುವವರಿಗೆ ಸೆಪ್ಟೆಂಬರ್ ಸುಮಾರಿಗೆ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ನಡೆಯುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಸ್ಪರ್ಧೆ ಅದು, 2012ರಲ್ಲಿ ಭಾರತವೂ ಸೇರಿಕೊಂಡಿತು.

ಕೊನೆಗೆ ಸ್ಟುಡಿಯೊಗೆ ಹೋಗಿ

ಮೊಬೈಲ್ ನೋಡದವರೂ ಮನೆಯಲ್ಲಿ ಇರುತ್ತಾರಲ್ಲ. ಆ 12 ಫೋಟೊವನ್ನು 4x6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ಒಯ್ಯಿರಿ, ಸ್ಟುಡಿಯೊದವರಿಗೆ ವಾಟ್ಸಾಪ್ ಮಾಡಬೇಡಿ. ಹಿಂದೆ ಬರೆಯುವಾಗ ಬಾಲ್‌ಪೆನ್ನು ಒತ್ತಿದರೆ ಮುಂದುಗಡೆ ಗೆರೆ ಏಳುತ್ತದೆ. ಮಾರ್ಕರ್ ಆದರೆ ಪೂರ್ತಿ ಒಣಗಿದ ಮೇಲೆ ಜೋಡಿಸಿ, ಇಲ್ಲದಿದ್ದರೆ ಮೇಲಿನದರ ಶಾಯಿ ಕೆಳಗಿನ ಫೋಟೊ ಮುಖಕ್ಕೆ ಅಂಟಿಕೊಳ್ಳುತ್ತದೆ.

ನಾನು ಹಾಗೇ ಬರೆದು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ಹಿಂದಿನದನ್ನೂ ಓದಿದರು. ಬಸಳೆಯದು ಬಂದಾಗ ನಿಂತರು. ‘ಶುಕ್ರವಾರ ಅಂತ ಬರೆದಿದೀಯಲ್ಲೋ, ಅವತ್ತು ಗುರುವಾರ. ಸಂತೆಯಿಂದ ಬರ್ತಾ ನಾನೇ ನೆಂದಿದ್ದೆ’ ಅಂದರು. ಮಾರ್ಕರ್ ತಂದು ಅಲ್ಲೇ ಹೊಡೆದುಹಾಕಿ ಗುರುವಾರ ಅಂತ ಮಾಡಿದೆ.